ನೀರು ಕಾಣದ ಸುಣ್ಣ

“ಅಯ್ಯನವರೇ, ನಾನು ಮೊದಲು ಸರಿಯಾಗುತ್ತೇನೆ, ಆಮೇಲೆ ದೀಕ್ಷಾಸ್ನಾನಕ್ಕೆ ಇಳಿಯುತ್ತೇನೆ ಎಂದರೆ ದೇವರು ಬೇಡ ಎನ್ನುತ್ತಾನೆಯೇ?”

ಹಳ್ಳದ ದಂಡೆಯಲ್ಲಿ ನಿಂತು ಭರಮಪ್ಪ ಈ ಪ್ರಶ್ನೆ ಕೇಳಿದ. ಕೇಳಿದ್ದು ಸಮಾಧಾನಪ್ಪ ಉಪದೇಶಿಗಳನ್ನು. ಆ ದಿನ ಊರಿನ ಎರಡು ಮನೆಯವರು ನೀರಿನಲ್ಲಿ ಮುಳುಗಿ ಎದ್ದು ಕ್ರೈಸ್ತ ಸಭೆಗೆ ಸೇರುವ ದೀಕ್ಷಾಸ್ನಾನವಿತ್ತು. ಸ್ನಾನ ಕೊಡಬೇಕಾದ ಸಭಾಪಾಲಕರು ಪಟ್ಟಣದಿಂದ ಇನ್ನೂ ಬಂದಿರಲಿಲ್ಲ. ಎಲ್ಲರೂ ಅವರ ದಾರಿ ನೋಡುತ್ತಿದ್ದರು.

ಭರಮಪ್ಪನ ತೋಳಿನ ಮೇಲೆ ಒಣ ಬಟ್ಟೆಗಳಿದ್ದವು. ನೀರಿನಿಂದ ಎದ್ದವರಿಗೆ ಉಡಲು ಬಟ್ಟೆ ಬೇಕು. ಅದನ್ನು ಹಿಡಿದು ನಿಲ್ಲುವ ಕೆಲಸ ಯಾವಾಗಲೂ ಅವನದೇ. ಅವನು ಉಪದೇಶ ಕೇಳಲು ಬಂದು ವರ್ಷಗಳಾಗಿದ್ದವು. ಕಲಿಯಬೇಕಾದ್ದನ್ನೆಲ್ಲ ಕಲಿತಿದ್ದ. ಅವನ ಹಿಂದೆ ಬಂದವರು ನೀರಿಗೆ ಇಳಿದು ಎದ್ದು ಮನೆಗೆ ಹೋಗಿದ್ದರು. ಅವನು ಮಾತ್ರ ದಂಡೆಯಲ್ಲೇ ಉಳಿದಿದ್ದ.

ಆ ದಿನ ನೀರಿಗೆ ಇಳಿಯಲಿದ್ದ ಗೌರಜ್ಜಿ ಸುಮ್ಮನಿರಲಿಲ್ಲ. “ಏ ಭರಮಾ, ಈ ಸಲವೂ ನೀನು ಬಟ್ಟೆ ಕಾಯುವವನೇ ಏನು? ಅದರಲ್ಲಿ ನನ್ನ ಹೊಸ ಸೀರೆ ಇದೆ. ನೆಲಕ್ಕೆ ತಾಗಿಸಿದೆಯೋ, ನೋಡು ಮತ್ತೆ!” ಎಂದಳು. ಎಲ್ಲರೂ ನಕ್ಕರು. ಭರಮಪ್ಪನೂ ನಕ್ಕ. ಆದರೆ ಅವನ ಕಣ್ಣು ನೀರಿನ ಮೇಲೆಯೇ ಇತ್ತು.

ಉಪದೇಶಿಗಳು ಅವನನ್ನು ಸ್ವಲ್ಪ ದೂರಕ್ಕೆ ಕರೆದುಕೊಂಡು ಹೋದರು. ಒಂದು ಬಂಡೆಯ ಮೇಲೆ ಕುಳಿತರು.

“ಸರಿಯಾಗುವುದು ಎಂದೆಯಲ್ಲ. ನಿನ್ನಲ್ಲಿ ಏನು ಸರಿಯಿಲ್ಲ?” ಎಂದು ಕೇಳಿದರು.

“ನನ್ನ ನಾಲಿಗೆ, ಅಯ್ಯನವರೇ. ಸಿಟ್ಟು ಬಂದರೆ ಅದು ನನ್ನ ಮಾತು ಕೇಳುವುದಿಲ್ಲ. ನಿನ್ನೆ ಎತ್ತು ಸಾಲು ತಪ್ಪಿತು. ಅದರ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿ ಬಯ್ದುಬಿಟ್ಟೆ. ಹಳೆಯ ಮನುಷ್ಯ ನೀರಿನಲ್ಲಿ ಸಾಯಬೇಕು, ಹೊಸ ಮನುಷ್ಯ ಏಳಬೇಕು ಎಂದು ನೀವೇ ಕಲಿಸಿದಿರಿ. ನನ್ನ ಹಳೆಯ ಮನುಷ್ಯ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಅವನನ್ನು ಒಂದಿಷ್ಟು ಮೆತ್ತಗೆ ಮಾಡಿ ತಂದರೆ ಒಳ್ಳೆಯದಲ್ಲವೇ?”

“ನೀರಿಗೆ ಇಳಿಯಲು ನಿನಗೆ ಮನಸ್ಸಿಲ್ಲವೋ?”

ಭರಮಪ್ಪನ ದನಿ ತಗ್ಗಿತು. “ಮನಸ್ಸಿಲ್ಲವೇ? ಪ್ರತಿ ಸಲ ಇಲ್ಲಿ ನಿಂತಾಗ ನನ್ನ ಕಾಲು ತಾನಾಗಿ ನೀರಿನ ಕಡೆ ಹೋಗುತ್ತದೆ. ನಾನೇ ಹಿಡಿದು ನಿಲ್ಲಿಸುತ್ತೇನೆ. ಸಭಾಪಾಲಕರು ಪ್ರಭುವಿನ ರೊಟ್ಟಿ ಮುರಿದು ಹಂಚುವಾಗ, ಸ್ನಾನವಾಗದ ನಾನು ಬಾಗಿಲ ಬಳಿ ಕೂತಿರುತ್ತೇನೆ. ಆಗಿನ ನನ್ನ ಹಸಿವು ನನಗೇ ಗೊತ್ತು.”

ಉಪದೇಶಿಗಳು ಅವನಿಗೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಳು. ತವರು ಹೊಳೆಯಾಚೆ, ದೂರದ ಊರು. ಹೊರಡುವಾಗ ಅವಳು ಗಂಡನಿಗೆ ಒಂದು ಮಾತು ಹೇಳಿದಳು. “ಮನೆಗೆ ಸುಣ್ಣ ಬಳಿದು ಹೇಳಿ ಕಳುಹಿಸಿರಿ. ಕೂಸನ್ನು ಎತ್ತಿಕೊಂಡು ಬಂದುಬಿಡುತ್ತೇನೆ.”

ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತು. ಗೃಹಸ್ಥನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದೇ ಬುಟ್ಟಿ ಹೊತ್ತು ಸುಣ್ಣದ ಭಟ್ಟಿಗೆ ಹೋದ.

ಭಟ್ಟಿಯವನು ಸುಟ್ಟ ಕಲ್ಲುಗಳನ್ನು ಬುಟ್ಟಿಗೆ ತುಂಬಿದ. ಕಲ್ಲು ಸುಟ್ಟಿದ್ದರೂ ನೋಡಲು ಕಲ್ಲಿನಂತೆಯೇ ಇತ್ತು. ಗೃಹಸ್ಥನಿಗೆ ತೋರಿಸಲೆಂದು ಭಟ್ಟಿಯವನು ಒಂದು ಕಲ್ಲನ್ನು ನೀರಿನ ಬಾನಿಗೆ ಹಾಕಿದ. ನೀರು ಕುದಿಯಿತು. ಹಬೆ ಎದ್ದಿತು. ಕಲ್ಲು ಬಿರಿದು ಚೂರುಚೂರಾಯಿತು.

“ಅಯ್ಯೋ, ಒಡೆದೇ ಹೋಯಿತಲ್ಲ!” ಎಂದ ಗೃಹಸ್ಥ.

“ನಾವು ಅದಕ್ಕೆ ಒಡೆಯಿತು ಎನ್ನುವುದಿಲ್ಲ. ಅರಳಿತು ಎನ್ನುತ್ತೇವೆ,” ಎಂದ ಭಟ್ಟಿಯವನು. “ಮನೆಗೆ ಹೋದ ಕೂಡಲೇ ಇದನ್ನು ನೀರಿಗೆ ಹಾಕು. ನೀರಿನಲ್ಲಿದ್ದರೆ ಎಷ್ಟು ಕಾಲವಾದರೂ ಇರುತ್ತದೆ. ನೀರಿಲ್ಲದೆ ಇಟ್ಟರೆ ಉಳಿಯುವುದಿಲ್ಲ.”

ಗೃಹಸ್ಥ ತಲೆಯಾಡಿಸಿದ. ದಾರಿಯಲ್ಲಿ ಬರುತ್ತ ಯೋಚಿಸಿದ. ಬೇಗ ಮುಗಿಯಲಿ, ಮತ್ತೆ ಕೊಳ್ಳಲು ಬರಲಿ ಎಂದು ಇವನು ಹೀಗೆ ಹೇಳುತ್ತಾನೆ. ನೀರು ಬಿದ್ದರೆ ಇಂಥ ಕಲ್ಲೇ ನುಚ್ಚುನೂರಾಗುತ್ತದೆ. ಅಂಥದ್ದು ನೀರಿನಲ್ಲಿಟ್ಟರೆ ಉಳಿಯುತ್ತದಂತೆ, ನೀರಿಲ್ಲದಿದ್ದರೆ ಕೆಡುತ್ತದಂತೆ. ಎಲ್ಲಾದರೂ ಉಂಟೇ?

ಮನೆಗೆ ಬಂದು ಗೋಡೆ ನೋಡಿದ. ಮಣ್ಣಿನ ಗೋಡೆ. ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಒಂದು ಮೂಲೆಯಲ್ಲಿ ಗೆದ್ದಲು ಹತ್ತಿತ್ತು. ಇಂಥ ಗೋಡೆಗೆ ಸುಣ್ಣ ಬಳಿಯುವುದೇ? ಮೊದಲು ಗೋಡೆ ನೆಟ್ಟಗಾಗಲಿ, ಆಮೇಲೆ ಸುಣ್ಣ ಎಂದುಕೊಂಡ. ಕಲ್ಲುಗಳನ್ನು ಒಂದು ದೊಡ್ಡ ಮಡಕೆಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಬಟ್ಟೆ ಬಿಗಿದು, ಅಟ್ಟದ ಮೇಲಿಟ್ಟ. ಒಂದು ಹನಿ ನೀರೂ ಸೋಕದಂತೆ ಜೋಪಾನ ಮಾಡಿದ.

ಮರುದಿನದಿಂದ ಗೋಡೆ ತಿದ್ದತೊಡಗಿದ. ಮಣ್ಣು ಕಲಸಿ ತಂದು ಬಿರುಕಿಗೆ ಮೆತ್ತಿದ. ಅದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಟ್ಟಿತು. ಅದಕ್ಕೂ ಮೆತ್ತಿದ.

ಸಂತೆಗೆ ಹೋದಾಗ ಹೆಂಡತಿಯ ಊರಿನವರು ಸಿಗುತ್ತಿದ್ದರು. ಅವಳು ಅವರ ಕೈಯಲ್ಲಿ ಹೇಳಿ ಕಳುಹಿಸುತ್ತಿದ್ದಳು. “ಕೂಸು ನಗುತ್ತದೆಯಂತೆ. ಮನೆ ಕೆಲಸ ಆಯಿತೇ ಎಂದು ಕೇಳಿದ್ದಾಳೆ.”

ಕೇಳಿ ಅವನ ಎದೆ ತುಂಬಿ ಬಂತು. ಆ ನಗು ಹೇಗಿದ್ದೀತು ಎಂದು ದಾರಿಯುದ್ದಕ್ಕೂ ಯೋಚಿಸಿದ. ಮನೆಗೆ ಬಂದು ಇನ್ನಷ್ಟು ಮಣ್ಣು ಕಲಸಿದ.

“ಕೂಸು ಬೋರಲು ಬಿತ್ತಂತೆ. ಮನೆ ಕೆಲಸ ಆಯಿತೇ ಎಂದಳು.”

ಇನ್ನೊಂದೇ ಗೋಡೆ ಎಂದ.

“ಹಲ್ಲು ಬಂತಂತೆ. ಅಂಬೆಗಾಲಿಡುತ್ತದೆಯಂತೆ.”

ಈ ಸಲ ಆ ಊರಿನವನೊಬ್ಬ ಅವನನ್ನು ನಿಲ್ಲಿಸಿಯೇ ಕೇಳಿದ. “ಅಲ್ಲವೋ ಮಾರಾಯ, ನೀನು ಕಟ್ಟುತ್ತಿರುವುದು ಮನೆಯೋ, ಕೋಟೆಯೋ? ಒಮ್ಮೆ ಬಂದು ಕೂಸಿನ ಮುಖವಾದರೂ ನೋಡಿಕೊಂಡು ಹೋಗಬಾರದೇ?”

“ಬರಿಗೈಯಲ್ಲಿ ಹೇಗೆ ಬರಲಿ? ಮನೆ ಕೆಲಸ ಆಯಿತೇ ಎಂದರೆ ಏನು ಹೇಳಲಿ?” ಎಂದ ಗೃಹಸ್ಥ.

ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಕೂಸಿಗೆಂದು ತೊಟ್ಟಿಲಿನ ಹಗ್ಗವನ್ನು ತಾನೇ ಹೊಸೆದು ತೊಲೆಗೆ ಕಟ್ಟಿದ್ದ. ಹೋಗುತ್ತ ಬರುತ್ತ ಅದನ್ನು ತೂಗಿ ನೋಡುತ್ತಿದ್ದ. ಆದರೆ ಗೋಡೆಯ ಕಡೆ ನೋಡಿದಾಗಲೆಲ್ಲ ಇನ್ನೊಂದು ಬಿರುಕು ಕಾಣಿಸುತ್ತಿತ್ತು.

ಕತೆ ಇಲ್ಲಿಗೆ ಬಂದಾಗ ಭರಮಪ್ಪ ತಡೆಯಲಾರದೆ, “ಅವನೆಂಥ ಪೆದ್ದ, ಅಯ್ಯನವರೇ!” ಎಂದ.

“ಪೆದ್ದನಲ್ಲ. ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ತಡಮಾಡಿದ,” ಎಂದು ಉಪದೇಶಿಗಳು ಮುಂದುವರಿಸಿದರು.

ಒಂದು ದಿನ ಸುದ್ದಿ ಬಂತು. “ಕೂಸು ನಡೆಯುತ್ತದೆಯಂತೆ.”

ಗೃಹಸ್ಥ ಇದ್ದಲ್ಲೇ ಕುಳಿತ. ಕಂಕುಳಲ್ಲಿ ಎತ್ತಿಕೊಂಡು ತರಬೇಕಾದ ಕೂಸು ತಾನೇ ನಡೆಯುತ್ತಿದೆ. ಇನ್ನು ತಡೆಯಲಾರೆ ಎಂದುಕೊಂಡ. ಅಟ್ಟ ಹತ್ತಿದ. ಮಡಕೆ ಇಳಿಸಿದ. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದ.

ಕಲ್ಲುಗಳಿರಲಿಲ್ಲ. ಅವುಗಳ ಜಾಗದಲ್ಲಿ ಹಿಟ್ಟಿತ್ತು.

ಇರಲಿ ಎಂದು ನೀರು ಸುರಿದ. ನೀರು ಕುದಿಯಲಿಲ್ಲ. ಹಬೆ ಏಳಲಿಲ್ಲ. ಕೈಯಿಟ್ಟು ನೋಡಿದ. ತಣ್ಣಗಿತ್ತು. ಆದರೂ ಕಲಸಿ ಗೋಡೆಗೆ ಬಳಿದ. ಒಣಗಿದ ಮೇಲೆ ಸವರಿ ನೋಡಿದರೆ ಎಲ್ಲವೂ ಅಂಗೈಗೆ ಬಂತು. ಯಾವ ಹನಿಯೂ ಸೋಕದಂತೆ ಅವನು ಕಾಪಾಡಿದ್ದ ಸುಣ್ಣವನ್ನು ಗಾಳಿ ಒಳಗೊಳಗೇ ತಿಂದು ಮುಗಿಸಿತ್ತು.

ಅವನು ಖಾಲಿ ಬುಟ್ಟಿ ಹಿಡಿದು ಭಟ್ಟಿಗೆ ಹೋದ. ಬೈಗುಳ ತಿನ್ನಲು ತಯಾರಾಗಿಯೇ ಹೋದ. ಭಟ್ಟಿಯವನು ಅವನ ಬಿಳಿಯಾದ ಅಂಗೈ ನೋಡಿದ. ಏನೂ ಕೇಳಲಿಲ್ಲ. ಬುಟ್ಟಿಯನ್ನು ಮತ್ತೆ ತುಂಬಿಕೊಟ್ಟ.

ಗೃಹಸ್ಥ ಮನೆಗೆ ಬಂದವನೇ ಕಲ್ಲುಗಳನ್ನೆಲ್ಲ ನೀರಿಗೆ ಸುರಿದ. ಬಾನಿ ಕುದಿಯಿತು. ಕಲ್ಲುಗಳು ಬಿರಿದವು. ಕಲ್ಲಾಗಿ ಒಳಗೆ ಹೋದದ್ದು ಬೆಣ್ಣೆಯಂತಾಗಿ ಮೇಲೆ ಬಂತು. ತಣಿಯುವವರೆಗೆ ಕಾದು, ತೆಳ್ಳಗೆ ಮಾಡಿ, ಗೋಡೆ ಹೇಗಿತ್ತೋ ಹಾಗೆಯೇ ಬಳಿದ. ಸುಣ್ಣ ಸಣ್ಣ ಬಿರುಕುಗಳ ಒಳಗೆ ತಾನಾಗಿ ಇಳಿಯಿತು. ದೊಡ್ಡವು ಹಾಗೆಯೇ ಉಳಿದವು. ಆದರೆ ಮನೆ ಬೆಳ್ಳಗಾಯಿತು. ಕೂಡಲೇ ಹೇಳಿ ಕಳುಹಿಸಿದ.

ಮಾತು ಮುಟ್ಟಿದ ಘಳಿಗೆಯಲ್ಲೇ ಅವಳು ಹೊರಟಳು. ತಯಾರಿ ಮಾಡಿಕೊಳ್ಳಲು ಅವಳಿಗೆ ಏನೂ ಉಳಿದಿರಲಿಲ್ಲ. ಬಾಣಂತನ ಮುಗಿದಂದೇ ಕಟ್ಟಿಟ್ಟ ಗಂಟು ಬಾಗಿಲ ಹಿಂದೆಯೇ ಇತ್ತು.

ಅವಳು ಬಂದು ಹೊಸಿಲ ಬಳಿ ನಿಂತಳು. ಕೂಸು ಅವಳ ಬೆರಳು ಹಿಡಿದು ನಡೆದು ಬಂದಿತ್ತು. ತಂದೆ ಕೈಚಾಚಿದ. ಕೂಸು ತಾಯಿಯ ಸೀರೆಯ ಹಿಂದೆ ಅಡಗಿಕೊಂಡಿತು. ಅದಕ್ಕೆ ಅವನು ಯಾರೆಂದು ಗೊತ್ತಿರಲಿಲ್ಲ.

ಗೃಹಸ್ಥ ತಲೆ ತಗ್ಗಿಸಿದ. “ಗೋಡೆ ಇನ್ನೂ ನೆಟ್ಟಗಾಗಿಲ್ಲ,” ಎಂದ.

ಹೆಂಡತಿ ಗಂಟು ಬಿಚ್ಚಿ ಒಂದು ಕುಂಚಿಗೆ ತೆಗೆದಳು. ಎಳೆಗೂಸಿನ ತಲೆಗೆ ಹಾಕುವ ಪುಟ್ಟ ಟೊಪ್ಪಿಗೆ ಅದು. “ಇದನ್ನು ತೊಡಿಸಿಕೊಂಡು ಬರಬೇಕೆಂದು ಹೊಲಿದಿದ್ದೆ. ಈಗ ಇದು ಇವಳ ಮುಷ್ಟಿಗೂ ಆಗುವುದಿಲ್ಲ,” ಎಂದಳು. ಅದನ್ನು ಅವನ ಕೈಯಲ್ಲಿಟ್ಟಳು. “ಸುಣ್ಣ ಬಳಿದು ಕರೆಯಿರಿ ಎಂದಿದ್ದೆ. ಗೋಡೆ ನೆಟ್ಟಗಾದ ಮೇಲೆ ಕರೆಯಿರಿ ಎಂದಿದ್ದೆನೇ? ಬಿರುಕು ಎಲ್ಲಿ ಹೋಗುತ್ತದೆ? ಮೆತ್ತಲು ಇನ್ನು ಮೇಲೆ ನಾನೂ ಇರುತ್ತೇನೆ.”

ಹೇಳಿ ಅವಳು ಒಳಗೆ ಬಂದಳು.

ಇಷ್ಟು ಹೇಳಿ ಉಪದೇಶಿಗಳು ನಿಲ್ಲಿಸಿದರು. ಹಳ್ಳದ ಆಚೆ ಏರಿಯ ಮೇಲೆ ಸಭಾಪಾಲಕರ ಬಿಳಿ ಅಂಗಿ ಕಾಣಿಸಿತು. ಗೌರಜ್ಜಿ ಎದ್ದು ನಿಂತು ಸೆರಗು ಸೊಂಟಕ್ಕೆ ಬಿಗಿಯುತ್ತಿದ್ದಳು. ಮಕ್ಕಳು ಹಾಡು ಎತ್ತಿಕೊಂಡರು.

ಭರಮಪ್ಪ ಕೇಳಿದ. “ಕೂಸು ಆಮೇಲೆ ಅವನ ಹತ್ತಿರ ಬಂತೇ?”

“ಬಂತು. ಸಂಜೆಯೊಳಗೆ ಅವನ ಮಡಿಲಲ್ಲೇ ನಿದ್ದೆ ಮಾಡಿತು. ಆದರೆ ಅದರ ಮೊದಲ ನಗುವನ್ನು ಅವನು ಕಾಣಲಿಲ್ಲ.”

ಭರಮಪ್ಪ, “ಅಯ್ಯನವರೇ, ಅವನು ತಪ್ಪಿದ, ನಿಜ. ಆದರೆ ಅಷ್ಟು ದಿನ ಒಬ್ಬನೇ ಆ ಮನೆಯಲ್ಲಿ ಕೂತು ಎಷ್ಟು ಹಂಬಲಿಸಿದನಲ್ಲ. ಆ ಹಂಬಲವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲವೇ?” ಎಂದ.

ಉಪದೇಶಿಗಳು ನೀರಿನ ಕಡೆ ನೋಡಿದರು.

“ಹಂಬಲಿಸಿದ್ದು ಅವನೊಬ್ಬನೇ ಎಂದುಕೊಂಡೆಯಾ, ಭರಮಪ್ಪ?”

ಭರಮಪ್ಪ ತೋಳಿನ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಇಟ್ಟ. ಗೌರಜ್ಜಿಯ ಸೀರೆಯನ್ನು ನೆಲಕ್ಕೆ ತಾಗದಂತೆ ಎಲ್ಲಕ್ಕಿಂತ ಮೇಲೆ ಇಟ್ಟ.