ತಿಪ್ಪಯ್ಯ ಮೋಟಾರು ತಳ್ಳಿದ್ದು

ಕೇಳ್ರಪ್ಪಾ, ಎತ್ತಿಲ್ಲದ ಬಂಡಿ ಓಡುತ್ತೆ ಅಂದ್ರೆ ಜನ ನಗೋ ಕಾಲ ಅದು. ಸೂಲಗಿತ್ತಿ ದುರುಗವ್ವನಿಗೆ ಒಬ್ಬನೇ ಮಗ, ತಿಪ್ಪಯ್ಯ. ಆಳು ಆನೆಯಂಥವನು, ಬುದ್ಧಿ ಮಾತ್ರ ಸೊನ್ನೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಊರ ಕೂಸುಗಳನ್ನೆಲ್ಲ ನೆಟ್ಟಗೆ ಹೊರಗೆ ತಂದೆ, ನನ್ನದೊಂದು ಹಿಂಗಾಯ್ತಲ್ಲಾ!" ಅಂತ ಅವಳು ಹಣೆ ಚಚ್ಚಿಕೊಳ್ಳೋಳು.

ಆ ವರ್ಷ ಸಾಹುಕಾರ ಮೃತ್ಯುಂಜಯಪ್ಪ ಮೋಟಾರು ತಂದರು. ಊರೇ ಬಾಯಿ ಬಿಟ್ಟು ನಿಂತಿತು. ಹುಲ್ಲು ಬೇಡ, ಹುರುಳಿ ಬೇಡ. ಹೊಟ್ಟೆಯೊಳಗೆ ಕಿಡಿ ಹಾರಿದರೆ ಸಾಕು, ಓಡುತ್ತೆ! ತಿಪ್ಪಯ್ಯ ಉದ್ದಕ್ಕೆ ಅಡ್ಡಬಿದ್ದ. ದುರುಗವ್ವ ಕಾಡಿ ಬೇಡಿ ಅವನನ್ನ ಅದರ ಚಾಕರಿಗೆ ಸೇರಿಸಿದಳು.

"ಮೂತಿಯಲ್ಲಿರೋ ಈ ಹಿಡಿಯನ್ನ ಗಟ್ಟಿಯಾಗಿ ಹಿಡಿದು ತಿರುಗಿಸು" ಅಂದರು ಡ್ರೈವರ್ ಮೊಹಿದ್ದೀನ್ ಸಾಬರು. ತಿರುಗಿಸಿದ. ಗುರ್ರ್! ಮೋಟಾರಿಗೆ ಜೀವ ಬಂತು. ಇವನು ಕೈ ಬಿಡಲೇ ಇಲ್ಲ. ಹಿಡಿ ಹಿಂದಕ್ಕೆ ಒದ್ದಿತು. ತಿಪ್ಪಯ್ಯ ಚರಂಡಿಯಲ್ಲಿ!

"ಅಯ್ಯೋ ಪೆದ್ದೇ!" ಅಂದಳು ದುರುಗವ್ವ. "ಗುರ್ರ್ ಅಂದ ಕೂಡ್ಲೇ ಕೈ ಬಿಟ್ಟು ದೂರ ನೆಗೀಬೇಕು!"

"ಹಂಗೇ ಆಗ್ಲಿ ಕಣವ್ವಾ."

ಮಾರನೇ ದಿನ ಸಾಹುಕಾರರ ಮಾವ ಬಂದರು. ಗುಡಾಣದಂಥ ಹೊಟ್ಟೆ. ತಿಪ್ಪಯ್ಯ ಅವರ ಕೈ ಹಿಡಿದು ಮೋಟಾರು ಹತ್ತಿಸುತ್ತಿದ್ದ. ಅಜ್ಜ ಗಂಟಲು ಸರಿ ಮಾಡಿಕೊಂಡರು, ಗುರ್ರ್! ಕೈ ಬಿಟ್ಟ, ನೆಗೆದ. ಅಜ್ಜ ದೊಪ್ಪಂತ ನೆಲಕ್ಕೆ!

"ಅಯ್ಯೋ ಪೆದ್ದೇ! ಹಿಂದುಗಡೆ ನಿಂತು ಎರಡೂ ಕೈ ಕೊಟ್ಟು ತಳ್ಳಬೇಕು! ಯಾರು ಏನೇ ಅರಚಲಿ, ಬಿಡಬಾರದು!"

"ಹಂಗೇ ಆಗ್ಲಿ ಕಣವ್ವಾ."

ಅಷ್ಟರಲ್ಲಿ ಸಾಹುಕಾರರ ಮಗಳು ಸರ್ವಮಂಗಳೆಗೆ ಹೆರಿಗೆ ನೋವು ಶುರುವಾಯಿತು. ದುರುಗವ್ವ ಹೊಟ್ಟೆ ಮುಟ್ಟಿ ನೋಡಿ ಬೆವರಿದಳು. "ಕೂಸು ಅಡ್ಡ ಮಲಗೈತೆ. ನನ್ನ ಕೈಲಾಗದು. ಗುಡ್ಡದಾಚೆ ಆಸ್ಪತ್ರೆಗೆ ನಡೀರಿ!"

ಎಲ್ಲರೂ ಮೋಟಾರು ಹತ್ತಿದರು. ಏರು ಬಂತು. ಮೂತಿ ಮೇಲಾದರೆ ಪೆಟ್ರೋಲು ಎಂಜಿನ್ನಿಗೆ ಇಳಿಯದು. ಅದಕ್ಕೇ ಸಾಬರು ಮೋಟಾರು ತಿರುಗಿಸಿ, ಹಿಮ್ಮುಖವಾಗಿ ಗುಡ್ಡ ಹತ್ತಿಸಿದರು! ಎಂಥಾ ಉಪಾಯ! ತಿಪ್ಪಯ್ಯ ಕೈ ಮುಗಿದ. ನೆತ್ತಿ ಹತ್ತಿರ ಬಂದಾಗ ಮೋಟಾರು ಏದುಸಿರು ಬಿಟ್ಟಿತು.

"ತಿಪ್ಪಯ್ಯಾ, ಇಳಿದು ತಳ್ಳೋ!"

ಇಳಿದ. ಮೋಟಾರಿನ ಹಿಂದುಗಡೆ ಹೋಗಿ ನಿಂತ. ಎರಡೂ ಕೈ ಕೊಟ್ಟ. ಆದರೆ ಮೋಟಾರಿನ ಹಿಂದುಗಡೆ ಇದ್ದದ್ದು ಗುಡ್ಡದ ಮೇಲ್ಗಡೆ!

"ಬಿಡೋ, ಬಿಡೋ!" ಅಂತ ಸಾಬರು ಅರಚಿದರು. ಬಿಡಲಿಲ್ಲ. "ಬಿಡೋ ಮುಂಡೇದೇ!" ಅಂತ ದುರುಗವ್ವನೇ ಅರಚಿದಳು. ಬಿಡಲಿಲ್ಲ. ದಡಬಡ ದಡಬಡ, ಕಲ್ಲು ಹಾರಿ, ಹಳ್ಳ ಹಾರಿ, ಮೋಟಾರು ಗುಡ್ಡದ ಬುಡದ ಹುಲ್ಲಿನ ಬಣವೆಗೆ ಹೋಗಿ ನುಗ್ಗಿತು.

ದುರುಗವ್ವ ಸರ್ವಮಂಗಳೆಯ ಹೊಟ್ಟೆ ಮುಟ್ಟಿದಳು. "ಶಿವನೇ! ಕೂಸು ನೆಟ್ಟಗೆ ತಿರುಗೈತೆ!"

ಸೀಟಿನ ಮೇಲೇ ಹೆರಿಗೆಯಾಯಿತು. ಗಂಡು ಕೂಸು, ಗುಡ್ಡಕ್ಕೆಲ್ಲ ಕೇಳೋ ಹಂಗೆ ಅತ್ತಿತು. ಸಾಬರು ಕಣ್ಣೊರೆಸಿಕೊಂಡರು. ದುರುಗವ್ವ ಕೂಸನ್ನ ಕಂಬಳಿಯಲ್ಲಿ ಸುತ್ತಿ ಮಗನ ಕೈಗಿಟ್ಟಳು. "ಜೋಪಾನ! ಹೆತ್ತ ತಾಯಿ ಪಕ್ಕ ಮಲಗಿಸು."

ತಿಪ್ಪಯ್ಯ ಮೆಲ್ಲಗೆ ಮೋಟಾರಿನ ಮುಂದಕ್ಕೆ ಹೋಗಿ ಬಣವೆಯ ಹುಲ್ಲು ಸರಿಸಿದ. ಮೋಟಾರಿನ ಬಾನೆಟ್ ಮೇಲೆ ಕೂಸನ್ನ ಮಲಗಿಸಿ, ಮೂತಿ ಸವರಿ ಪಿಸುಗುಟ್ಟಿದ:

"ಮೈಯೆಲ್ಲಾ ಕಾಯ್ತಾ ಐತಲ್ಲವ್ವಾ... ಬಾಣಂತಿ ನೀನು, ಇನ್ನು ಒಂದು ತಿಂಗಳು ಓಡಬ್ಯಾಡ."