ಕಾಗೆಗಳ ಕಾವಲು

ಯುಗಾದಿಯ ಮಾರನೇ ದಿನ, ಹೊಸತೊಡಕಿನಂದು, ಹಿಂಡು ಬಿಟ್ಟು ಹೊರಟ ಕೋತಿ ಮಾಳಿಂಗ, ಊರೂರು ಅಲೆದು ಒಂದು ಸಂತೆ ಮೈದಾನದ ಮರದಡಿ ಬಂದು ಕೂತ. ಅಲ್ಲಿ ಹೆತ್ತವರು ಬಿಟ್ಟುಹೋದ ಕಾಗೆಮರಿಯೊಂದು ನೆಲಕ್ಕೆ ಬಿದ್ದಿತ್ತು. ಸುತ್ತಲೂ ನೂರು ಕಾಗೆ ಸೇರಿ ಗಂಟಲು ಹರಿಯುವಂತೆ ಕೂಗುತ್ತಿದ್ದವು.

“ಮಾವ, ಹಸಿವು,” ಅಂದಿತು ಮರಿ.

ಮಾಳಿಂಗ ತನ್ನ ಗಂಟು ಬಿಚ್ಚಿ ಅನ್ನದ ಅಗುಳು ಹಿಡಿದು ಹತ್ತಿರ ಹೋದದ್ದೇ ತಡ, ಕಾಗೆಗಳು ಅವನ ತಲೆ ಕುಕ್ಕಿದವು.

“ದೂರ ನಿಲ್ಲಯ್ಯ ಪರದೇಸಿ. ಮರಿ ನಮ್ಮ ರಕ್ಷಣೆಯಲ್ಲಿದೆ,” ಎಂದಿತು ಹಿರಿಯ ಕಾಗೆ.

“ಆಗಲಿ ಯಜಮಾನರೇ, ನೀವೇ ಉಣ್ಣಿಸಿ.”

“ಉಣ್ಣಿಸುವುದು ಹೆತ್ತವರ ಕೆಲಸ. ನಮ್ಮದು ಕಾವಲು.”

“ಹೆತ್ತವರೇ ಇಲ್ಲವಲ್ಲ?”

“ಇದ್ದಿದ್ದರೆ ನಾವೇಕೆ ಇಷ್ಟು ಜನ ಸೇರುತ್ತಿದ್ದೆವು?”

ಮಾಳಿಂಗ ಎರಡು ದಿನ ಹೆಣಗಿದ, ಹೋದಾಗಲೆಲ್ಲ ಕುಕ್ಕಿಸಿಕೊಂಡು ಬಂದ. ಮೂರನೇ ದಿನ ಮರಿ ಬಾಯಿ ತೆರೆಯಲಿಲ್ಲ.

“ಒಂದು ಬೆಕ್ಕನ್ನೂ ಹತ್ತಿರ ಬಿಡಲಿಲ್ಲ ನಾವು,” ಎಂದಿತು ಹಿರಿಯ ಕಾಗೆ, ಕೊಕ್ಕನ್ನು ಕೊಂಬೆಗೆ ಒರೆಸುತ್ತಾ.

ಅಷ್ಟರಲ್ಲಿ ಆಚೆ ಮರದಿಂದ ಇನ್ನೊಂದು ಮರಿ ಬಿತ್ತು. ಕಾಗೆಗಳೆಲ್ಲ ಕೂಗುತ್ತಾ ಅತ್ತ ಹಾರಿದವು.

“ನೀನೂ ಬಾರಯ್ಯ, ಕಾವಲಿಗೆ ಜನ ಸಾಲದು,” ಎಂದಿತು ಹಿರಿಯ ಕಾಗೆ, ಹಾರುತ್ತಲೇ.

ಮಾಳಿಂಗ ತನ್ನ ಗಂಟು ಕಟ್ಟತೊಡಗಿದ. ಆ ಹೊಸ ಮರಿಯ ದನಿ ಕಿವಿಗೆ ಬೀಳುವ ಮೊದಲೇ ಅವನು ಹೊರಡಬೇಕಿತ್ತು.