ಹೆಡ್‌ಮಾಸ್ಟರರ ಡಿಸ್ಕಿಗೆ ಸಿಕ್ಕ ಅಕ್ಷರ

ಒಂದು ಹೈಸ್ಕೂಲಿನಲ್ಲಿ ರುದ್ರಮ್ಮ ಎಂಬ ಗುಮಾಸ್ತೆ ಇದ್ದಳು. ಹಾಲ್ ಟಿಕೆಟ್ ಅಚ್ಚು ಹಾಕುವ ದಿನವೇ ಹೆಡ್‌ಮಾಸ್ಟರ್ ಚಿದಂಬರಯ್ಯನವರು ತಮ್ಮ ಭಾಷಣಗಳ ಡಿಸ್ಕ್ ತಂದು ಆಫೀಸಿನ ಕಂಪ್ಯೂಟರಿಗೆ ಚುಚ್ಚಿದರು. ಚುಚ್ಚಿದ ಪ್ರತಿ ಡಿಸ್ಕಿಗೂ ಒಂದೊಂದು ಇಂಗ್ಲಿಷ್ ಅಕ್ಷರದ ಗುರುತು ಕೊಡುವ ಕಂಪ್ಯೂಟರು ಅದಕ್ಕೆ 'ಜಿ' ಕೊಟ್ಟಿತು. ಮಕ್ಕಳ ಫೋಟೋಗಳಿದ್ದ ರುದ್ರಮ್ಮನ ಡಿಸ್ಕು ಆಗಲೇ 'ಇ'ಯಲ್ಲಿ ಕೂತಿತ್ತು.

"ಏನಮ್ಮಾ, ನಾನು ನಿಮ್ಮ ಹಿಂದೆ ನಿಲ್ಲಬೇಕೋ? ಆ 'ಇ' ನನಗೆ ಕೊಡಿ," ಎಂದರು ಚಿದಂಬರಯ್ಯನವರು.

ಅಚ್ಚು ಹಾಕುವ ಪ್ರೋಗ್ರಾಂ ಫೋಟೋ ಹುಡುಕುವುದು 'ಇ'ಯಲ್ಲಿ ಮಾತ್ರ. ಅಕ್ಷರ ಬದಲಾದರೆ ಇನ್ನೂರು ಮಕ್ಕಳಿಗೂ ಮುಖವಿಲ್ಲದ ಹಾಲ್ ಟಿಕೆಟ್ಟೇ ಗತಿ.

"ಸರ್, ವಾರ್ಷಿಕೋತ್ಸವದಲ್ಲಿ ಮೊದಲು ಮಾತಾಡೋರು ಯಾರು?"

"ಸ್ವಾಗತ ಮಾಡೋ ಡ್ರಿಲ್ ಮಾಸ್ಟರು."

"ಅಧ್ಯಕ್ಷರಾದ ತಾವು?"

"ಮುಖ್ಯ ಅತಿಥಿಗಳದೂ ಸೇರಿ ಎಲ್ಲರದೂ ಮುಗಿದ ಮೇಲೆ."

"ಮತ್ತೆ ಡ್ರಿಲ್ ಮಾಸ್ಟರರ ಜಾಗ ತಮಗ್ಯಾಕೆ ಸರ್?" ಎನ್ನುತ್ತಲೇ ಅವಳು ನಾಲ್ಕು ಸಲ ಮೌಸ್ ಒತ್ತಿ ಅವರ ಡಿಸ್ಕಿಗೆ ಕಟ್ಟಕಡೆಯ 'ಝಡ್' ಕೊಟ್ಟಳು.

ಹೆಡ್‌ಮಾಸ್ಟರರ ಮುಖ ಅರಳಿತು. ಆದರೂ ಒಂದು ಅನುಮಾನ ಉಳಿದಿತ್ತು.

"ಅಧ್ಯಕ್ಷರಾದ ಮೇಲೂ ವಂದನಾರ್ಪಣೆಗೆ ಒಬ್ಬ ಬಂದೇ ಬರ್ತಾನಲ್ಲಮ್ಮಾ?"

"ಇಲ್ಲಿ ಬರೋಕಾಗಲ್ಲ ಸರ್. ತಮ್ಮಿಂದಾಚೆಗೆ ಅಕ್ಷರವೇ ಇಲ್ಲ."

ಅವರು ಶಾಲು ಹೊದಿಸಿಕೊಂಡವರ ಗತ್ತಿನಲ್ಲಿ ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ಸುದ್ದಿ ಹೇಳಿದರು. ಇತ್ತ ಹಾಲ್ ಟಿಕೆಟ್ಟುಗಳು ಮಕ್ಕಳ ಮುಖ ಹೊತ್ತು ಒಂದೊಂದಾಗಿ ಹೊರಬರುತ್ತಿದ್ದವು. ಅಷ್ಟರಲ್ಲಿ ಸೀನಿಯರ್ ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಂತು, ಮೆಲ್ಲಗೆ ಕೇಳಿದರು:

"ರುದ್ರಮ್ಮಾ, ಮುಖ್ಯ ಅತಿಥಿಗಳ ಜಾಗ ಖಾಲಿ ಇದೆಯಾ?"